ದೊಡ್ಡಪ್ಪನ ಟ್ರೇಲರು

ಬೇಗ ಮಾಡಿದರೂ ಬೈಸಿಕೊಳ್ಳಬೇಕಾದ, ತಡ ಮಾಡಿದರೂ ಬೈಸಿಕೊಳ್ಳಬೇಕಾದ ಕೆಲವು ಕೆಲಸಗಳು ಲೋಕದಲ್ಲಿವೆ. ನೆಂಟರ ಮನೆಯಲ್ಲಿ ಊಟ ಮುಗಿಸಿ ಪಂಕ್ತಿಯಿಂದ ಏಳುವುದು ಅಂಥದೊಂದು. ಹೆಂಡತಿ ಸೀರೆ ಆರಿಸುವಾಗ ‘ಇದು ಚೆನ್ನಾಗಿದೆ’ ಎನ್ನುವುದು ಇನ್ನೊಂದು. ಇವೆರಡನ್ನೂ ಮೀರಿಸಿದ್ದು, ಹಿರಿಯರೊಬ್ಬರು ‘ನಾನು ಸಾಯೋದ್ರೊಳಗೆ ಇದೊಂದು ಮಾಡಿಕೊಡು’ ಎಂದು ಒಪ್ಪಿಸುವ ಕೆಲಸ. ನಾನು ತುಮಕೂರಿನಲ್ಲಿ ಮನೆ ಮಾಡಿಕೊಂಡು, ಹಿರೇಹಳ್ಳಿಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ತಲೆಗೂದಲು ಉದುರಿಸಿಕೊಂಡವನು. ಯಾವ ಮಾಲು ಯಾವತ್ತು ಬರಬೇಕು, ಬಾರದಿದ್ದರೆ ಯಾರಿಗೆ ಫೋನ್ ಮಾಡಿ ಗದರಬೇಕು ಎನ್ನುವುದೇ ನನ್ನ ಅನ್ನದ ದಾರಿ. ಆದರೆ ತಾರೀಕನ್ನು ಶಿವನೊಬ್ಬನೇ ಗುಟ್ಟಾಗಿ ಇಟ್ಟುಕೊಂಡಿರುವ ಆರ್ಡರನ್ನು ಹೇಗೆ ಪೂರೈಸಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಆರ್ಡರು ಕೊಟ್ಟವರು ನಮ್ಮ ದೊಡ್ಡಪ್ಪ. ಗುಬ್ಬಿಯಿಂದ ಒಳಕ್ಕೆ ಹೋದರೆ ಸಿಗುವ ನಮ್ಮೂರಿನಲ್ಲಿ ಅವರದೊಂದು ಟ್ರ್ಯಾಕ್ಟರ್ ಟ್ರೇಲರು ಇತ್ತು. ಪ್ರಾಯದಲ್ಲಿ ಕೊಂಡದ್ದು. ಗೊಬ್ಬರ, ಇಟ್ಟಿಗೆ, ತೆಂಗಿನಕಾಯಿ, ಮದುವೆಮನೆಯ ಪಾತ್ರೆ ಎಲ್ಲವನ್ನೂ ಹೊತ್ತು ಸವೆದ ಗಾಡಿ ಅದು. ಟ್ರ್ಯಾಕ್ಟರನ್ನು ಮಾರಿ ಎಷ್ಟೋ ಕಾಲವಾಗಿದ್ದರೂ ಟ್ರೇಲರು ಮಾತ್ರ ಹೊಂಗೆಮರದ ಕೆಳಗೆ ಚಕ್ರಗಳನ್ನು ಮಣ್ಣಿಗೆ ಊರಿಕೊಂಡು ನಿಂತಿತ್ತು. ಅದರಡಿ ಪಕ್ಕದ ಮನೆಯ ಕೋಳಿಗಳು ಬಂದು ಮೊಟ್ಟೆಯಿಡುತ್ತಿದ್ದವು. ನಮ್ಮದು ಮೊಟ್ಟೆ ಮುಟ್ಟದ ಮನೆಯಾದ್ದರಿಂದ ಕೋಳಿಗಳಿಗೂ ಅದು ಭದ್ರವಾದ ಜಾಗವೆನಿಸಿರಬೇಕು.

ಊರಿನ ಹೆಣಗಳನ್ನು ಹೊತ್ತದ್ದೂ ಅದೇ ಟ್ರೇಲರು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕಾಲು ಮಡಿಸಿ ಕೂರಿಸಿ, ಹಣೆತುಂಬ ವಿಭೂತಿ ಬಳಿದು, ಪೇಟ ಸುತ್ತಿ, ಹೂವು ಮುಚ್ಚಿ, ಬದುಕಿದ್ದಾಗ ಎಂದೂ ಕೂರದಷ್ಟು ನೆಟ್ಟಗೆ ಕೂರಿಸಿ ಮೆರವಣಿಗೆ ಮಾಡುತ್ತೇವೆ. ಗುಂಡಿಯೊಳಗೂ ಕೂರಿಸಿಯೇ ಮಣ್ಣು ಕೊಡುತ್ತೇವೆ. ಈಚೆಗೆ ಮಾತ್ರ ತುಮಕೂರಿನಿಂದ ಗಾಜಿನ ಪೆಟ್ಟಿಗೆಯ ವ್ಯಾನು ಬರತೊಡಗಿದೆ. ಅದರಲ್ಲಿ ಕೂರುವುದಕ್ಕೆ ಎತ್ತರ ಸಾಲದು, ಮಲಗಲೇಬೇಕು. ಗುಂಡಿಯ ಹತ್ತಿರ ಇಳಿಸಿದ ಮೇಲೆ ಮತ್ತೆ ಕೂರಿಸುವ ಒದ್ದಾಟ ನೋಡುವಂತಿರುವುದಿಲ್ಲ. ದೊಡ್ಡಪ್ಪನ ಜೊತೆಗಾರರೊಬ್ಬರು ಹಾಗೆ ಹೋದರು. ಅವತ್ತು ಮನೆಗೆ ಬಂದವರೇ ದೊಡ್ಡಪ್ಪ ನನಗೆ ಫೋನ್ ಮಾಡಿದರು.

“ಮೀನ್ ಸಾಗ್ಸೋ ಹಂಗೆ ಮಲ್ಗಿಸ್ಕೊಂಡ್ ಹೋದ್ರು ಕಣ್ಲಾ ಮಾದೇವ. ನಂಗೆ ಆ ಗತಿ ಬ್ಯಾಡ. ನಾನು ನನ್ ಟ್ರೇಲರಲ್ಲೇ ಕೂತ್ಕೊಂಡ್ ಹೋಗ್ಬೇಕು. ಅದ್ನ ಗಟ್ಟಿಯಾಗಿ ರಿಪೇರಿ ಮಾಡ್ಸ್‌ಕೊಡು. ನಾನೇನ್ ಹಗುರಕ್ಕಿಲ್ಲ, ಗ್ಯಾಪ್ಕ ಇರ್ಲಿ.”

ಹಗುರ ಖಂಡಿತ ಇರಲಿಲ್ಲ. ಹೃದಯದ ಕಾಯಿಲೆಯಿಂದ ಕಾಲುಗಳಲ್ಲಿ ನೀರು ತುಂಬಿತ್ತು, ಜೊತೆಗೆ ಮೊದಲೇ ಇದ್ದ ದೊಡ್ಡ ಶರೀರ. ತುಮಕೂರಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ‘ಯಾವಾಗ ಏನಾಗುತ್ತೆ ಹೇಳಕ್ಕಾಗಲ್ಲ’ ಎಂದಿದ್ದರು. ಸ್ಟೋರ್ಸಿನವನಿಗೆ ಇದಕ್ಕಿಂತ ಕೆಟ್ಟ ಡೆಲಿವರಿ ಡೇಟು ಬೇರೆ ಇಲ್ಲ.

ಊರಿನ ಸಿದ್ದರಾಜುವಿನ ಟ್ರ್ಯಾಕ್ಟರಿಗೆ ಕಟ್ಟಿ, ಕೋಳಿಗಳ ಶಾಪ ಹೊತ್ತು, ಟ್ರೇಲರನ್ನು ಗೂಳೂರಿನ ಹತ್ತಿರ ಶೆಡ್ಡು ಇಟ್ಟಿರುವ ವೆಲ್ಡರ್ ನಯಾಜನ ಬಳಿಗೆ ಎಳೆಸಿದೆ. ಅವನು ಸುತ್ತಿಗೆಯಿಂದ ಒಂದು ಕಡೆ ತಟ್ಟಿದ. ಇನ್ನೊಂದು ಕಡೆಯ ತಗಡು ಉದುರಿತು.

“ಇದ್ರಲ್ಲಿ ಗಾಡಿ ಎಲ್ಲೈತೆ ಸಾರ್? ತುಕ್ಕೂ ತುಕ್ಕೂ ಕೈ ಹಿಡ್ಕೊಂಡ್ ನಿಂತೈತೆ ಅಷ್ಟೆ” ಅಂದ. ಆಮೇಲೆ, “ಅರ್ಜೆಂಟಾ?” ಎಂದು ಕೇಳಿದ.

“ಅರ್ಜೆಂಟ್ ಅಂತ ಹೇಳಕ್ಕಾಗಲ್ಲ” ಅಂದೆ.

“ಹಂಗಾರೆ ನಿಧಾನಕ್ಕೆ ಮಾಡ್ಲಾ?”

“ಬೇಡ ಬೇಡ, ನಿಧಾನ ಆಗ್ಬಾರ್ದು.”

“ಯಾವತ್ತಿಗ್ ಬೇಕು, ಅದ್ ಹೇಳಿ ಸಾರ್ ಮೊದ್ಲು.”

ಬೇರೆ ದಾರಿಯಿಲ್ಲದೆ ಇದ್ದ ವಿಷಯ ಹೇಳಿದೆ. ನಯಾಜ್ ಕಣ್ಣಿನ ಕನ್ನಡಕವನ್ನು ಹಣೆಗೇರಿಸಿ, “ಪಾಪ, ಯಜಮಾನ್ರು ಈಗ ಹೆಂಗವ್ರೆ?” ಎಂದ. ಆ ಮರುಕವೇ ನನಗೆ ಮುಳುವಾಯಿತು. ಅಂದಿನಿಂದ ಅವನು ದೊಡ್ಡಪ್ಪನ ಆರೋಗ್ಯವನ್ನು ನೋಡಿಕೊಂಡು ಕೆಲಸ ಮಾಡತೊಡಗಿದ. ಫೋನ್ ಮಾಡಿದರೆ ಮೊದಲ ಪ್ರಶ್ನೆಯೇ ಅದು. ‘ಪರವಾಗಿಲ್ಲ, ಇವತ್ತು ಮುದ್ದೆ ಉಂಡರಂತೆ’ ಎಂದರೆ, “ಹೌದಾ? ಒಳ್ಳೇದಾಯ್ತು” ಎಂದು ಸಂತೋಷಪಟ್ಟು ಬೇರೆಯವರ ಗೇಟು, ಕಿಟಕಿಗಳ ಕೆಲಸಕ್ಕೆ ಕೂರುತ್ತಿದ್ದ. ‘ಉಸಿರು ಸ್ವಲ್ಪ ಕಷ್ಟ’ ಎಂದರೆ ಅಂದೇ ಕಬ್ಬಿಣ ಕತ್ತರಿಸುವ ಸದ್ದು ಕೇಳುತ್ತಿತ್ತು. ದೊಡ್ಡಪ್ಪ ಬಸ್ಸಾರು ಚಪ್ಪರಿಸಿದ ವಾರವೆಲ್ಲ ಟ್ರೇಲರು ಕಲ್ಲಿನ ಮೇಲೆ ನಿಂತೇ ಇತ್ತು. ನಾನೂ ನಿಧಾನಕ್ಕೆ ಕೆಟ್ಟೆ. ಅವರು ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತಿದ್ದರೂ, ‘ಯಾಕೋ ಸುಸ್ತಾಗಿದಾರೆ ನಯಾಜ್’ ಎನ್ನುವುದನ್ನು ಕಲಿತೆ.

ಒಂದು ದಿನ ನನ್ನ ಹೆಂಡತಿ ಗಿರಿಜೆ ಇದನ್ನು ಕೇಳಿಸಿಕೊಂಡಳು. ಹುರುಳಿಕಾಯಿ ನಾರು ತೆಗೆಯುತ್ತಿದ್ದವಳು ತಲೆಯೆತ್ತದೆಯೇ, “ನೆಟ್ಟಗಿರೋರ್ನ ಫೋನಲ್ಲೇ ಸಾಯಿಸ್ತಾ ಇದೀರಲ್ಲ. ಪಾಪ, ನಿಮ್ ಬಾಯಲ್ಲಿ ಅವ್ರು ಎಷ್ಟ್ ಸಲ ಮೇಲ್ ಹೋಗಿ ಬಂದ್ರೋ” ಎಂದಳು. ಮರುದಿನ ಪಾಪ ಪರಿಹಾರಕ್ಕೆಂದು ನಯಾಜನಿಗೆ ನಿಜ ಹೇಳಿದೆ. ಅವನು ಬಂಧುವೊಬ್ಬರ ಮದುವೆಗೆಂದು ಕೆಲಸ ಬಿಟ್ಟು ಹೋದ.

ಹಾಗೂ ಹೀಗೂ ಗಾಡಿ ಎದ್ದಿತು. ಆಕ್ಸಲ್ಲನ್ನು ಕುಣಿಗಲ್ಲಿನ ಗುಜರಿಯಿಂದ ತಂದೆವು. ಒಂದು ಸಾಲು ಕಬ್ಬಿಣದ ಚಾನಲ್ ಪಟ್ಟಿ ಸಾಕು ಎಂದು ನಯಾಜ್ ಹೇಳಿದ ಕಡೆ ನಾನು ಎರಡು ಸಾಲು ಹಾಕಿಸಿದೆ. ತಳಕ್ಕೆ ಮಿಷನ್ನುಗಳ ಕೆಳಗೆ ಹಾಸುವಂಥ ದಪ್ಪ ಪ್ಲೇಟು ಕೂರಿಸಿದೆ. ಪಕ್ಕದ ಹಲಗೆಗಳೂ ಮುಂದಿನ ಚೌಕಟ್ಟೂ ಮುಟ್ಟಿದರೆ ಪುಡಿಯಾಗುತ್ತಿದ್ದವು. “ತೆಗ್ದ್‌ಬುಡಣ ಸಾರ್. ಫ್ಲಾಟಾಗಿದ್ರೆ ನಾಳೆ ಕಲ್ಚಪ್ಪಡಿ, ಮಿಷಿನ್ನು ಏನ್ ಬೇಕಾದ್ರೂ ಏರಿಸ್ಬೋದು” ಎಂದ ನಯಾಜ್. ನನಗೂ ಸರಿಯೆನಿಸಿತು. ದೊಡ್ಡಪ್ಪನ ನಂತರವೂ ಗಾಡಿ ಇರುತ್ತದಲ್ಲ, ಹಿರೇಹಳ್ಳಿಯ ಕಾರ್ಖಾನೆಗಳಲ್ಲಿ ಬಾಡಿಗೆಗೇನು ಬರವೇ ಎಂದು ಮನಸ್ಸು ಆಗಲೇ ಲೆಕ್ಕ ಹಾಕಿತ್ತು. ನೀಲಿ ಬಣ್ಣ ಬಳಿದು ನಿಲ್ಲಿಸಿದಾಗ ಟ್ರೇಲರು ದೋಸೆಯ ಕಾವಲಿಯ ಹಾಗೆ ಸಪಾಟಾಗಿ ಹೊಳೆಯುತ್ತಿತ್ತು.

ಊರಿಗೆ ತಂದಾಗ ದೊಡ್ಡಪ್ಪ ಕೋಲೂರಿಕೊಂಡು ಸುತ್ತ ಒಂದು ಪ್ರದಕ್ಷಿಣೆ ಬಂದರು. ಕೆಳಗೆ ಬಗ್ಗಿ ನೋಡಿದರು. “ಏನ್ಲಾ ಇದು? ನನ್ನ ಹೊರಕ್ಕೋ, ಹುತ್ರಿದುರ್ಗದ ಬೆಟ್ಟ ಹೊರಕ್ಕೋ?” ಎಂದರು. ಅದು ಅವರ ಮೆಚ್ಚುಗೆ. “ಎಲ್ಲಿ, ಒಂದ್ಸಲ ಕೂತ್ ನೋಡ್ತೀನಿ” ಎಂದು ಹಟ ಹಿಡಿದರು. ದೊಡ್ಡಮ್ಮ, “ಅಪಶಕುನ, ಬ್ಯಾಡ ಕಣ್ರೀ” ಎಂದು ಗೊಣಗಿದರು. ನಾಲ್ಕು ಜನ ಸೇರಿ ಹತ್ತಿಸಿದೆವು. ದೊಡ್ಡಪ್ಪ ನಡುಮಧ್ಯೆ ಚಕ್ಕಳಮಕ್ಕಳ ಹಾಕಿ, ಎದೆ ಸೆಟೆಸಿ ಕೂತರು. ಸಿದ್ದರಾಜು ಸ್ಮಶಾನದ ತಿರುವಿನತನಕ ನಿಧಾನಕ್ಕೆ ಎಳೆದುಕೊಂಡು ಹೋಗಿ ಬಂದ. ದಾರಿಯುದ್ದಕ್ಕೂ ಎದುರಾದವರನ್ನು ದೊಡ್ಡಪ್ಪ ಮಾತಾಡಿಸಿದರು. “ಟ್ರಯಲ್ಲು ಕಣಯ್ಯ” ಎಂದು ನಕ್ಕರು. ಇಳಿದ ಮೇಲೆ ನನ್ನ ಹೆಗಲು ತಟ್ಟಿ, “ಫಸ್ಟ್‌ಕ್ಲಾಸ್ ಐತೆ. ಇನ್ ನಿಂದೇನೂ ಇಲ್ಲ, ನಂದೇ ಬಾಕಿ” ಎಂದರು. ಪರೀಕ್ಷೆ ಇಷ್ಟು ಚೆನ್ನಾಗಿ ಪಾಸಾದ ಗಾಡಿಯನ್ನು ನಾನು ಕಾರ್ಖಾನೆಯಲ್ಲೂ ಕಂಡಿರಲಿಲ್ಲ.

ತಮ್ಮ ಬಾಕಿಯನ್ನು ಅವರು ಹೆಚ್ಚು ದಿನ ಉಳಿಸಿಕೊಳ್ಳಲಿಲ್ಲ. ಒಂದು ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿದ್ದ ಹಾಗೆಯೇ ಹೋದರು. ನಾವು ತುಮಕೂರಿನಿಂದ ಮುಟ್ಟುವಷ್ಟರಲ್ಲಿ ಕಾಲು ಮಡಿಸಿ ಜಗಲಿಯ ಕಂಬಕ್ಕೆ ಒರಗಿಸಿ ಕೂರಿಸಿದ್ದರು. ಮಧ್ಯಾಹ್ನ ಟ್ರೇಲರು ಬಾಗಿಲಿಗೆ ಬಂತು. ಬಾಳೆಕಂದು, ಚೆಂಡುಹೂವು ಕಟ್ಟಿದ್ದರು. ದೊಡ್ಡಪ್ಪನನ್ನು ಎತ್ತಿ ನೀಲಿ ಪ್ಲೇಟಿನ ಮೇಲೆ ಕೂರಿಸಿದೆವು. ಹಿಡಿದ ಕೈ ಬಿಟ್ಟ ಕೂಡಲೇ ಅವರು ಒಂದು ಪಕ್ಕಕ್ಕೆ ವಾಲಿದರು.

ಕ್ರಿಯೆ ಮಾಡಿಸಲು ಬಂದಿದ್ದ ಐನೋರು ಕೈಯಲ್ಲಿ ಹಗ್ಗ ಹಿಡಿದು ಆ ಕಡೆ ಈ ಕಡೆ ನೋಡಿ, “ಎಲ್ಲಿಗಪ್ಪ ಕಟ್ಟೋದು?” ಎಂದು ಕೇಳಿದರು.

ನನಗೆ ಆಗ ಹೊಳೆಯಿತು. ಹಿಂದೆಲ್ಲ ನಮ್ಮೂರಿನ ಸತ್ತವರು ನೆಟ್ಟಗೆ ಕೂತು ಹೋದದ್ದು ಟ್ರೇಲರಿನ ಮುಂದಿನ ಚೌಕಟ್ಟಿಗೆ ಬೆನ್ನು ಕೊಟ್ಟು. ಅದನ್ನು ನಾನು ತುಕ್ಕೆಂದು ಕತ್ತರಿಸಿ ಗುಜರಿಗೆ ಹಾಕಿದ್ದೆ. ಬದುಕಿದ್ದವರನ್ನು ಕೂರಿಸಿ ಪರೀಕ್ಷೆ ಮಾಡಿದರೆ ಅವರು ತಾವಾಗಿಯೇ ಕೂರುತ್ತಾರೆ ಎನ್ನುವುದು ನನಗಾಗಲಿ, ನಯಾಜನಿಗಾಗಲಿ, ಸ್ವತಃ ದೊಡ್ಡಪ್ಪನಿಗಾಗಲಿ ಹೊಳೆದಿರಲಿಲ್ಲ. ಯಾರೋ ಪ್ಲಾಸ್ಟಿಕ್ ಕುರ್ಚಿ ತಂದರು, ಅದು ದೊಡ್ಡಪ್ಪನ ಅರ್ಧಕ್ಕೂ ಸಾಲಲಿಲ್ಲ. ಯಾರೋ ಬಿದಿರು ತಂದರು, ಅಷ್ಟು ದಪ್ಪದ ಪ್ಲೇಟಿನಲ್ಲಿ ಅದನ್ನು ನಿಲ್ಲಿಸಲು ಒಂದು ತೂತೂ ಇರಲಿಲ್ಲ. ಹೊತ್ತು ಇಳಿಯುತ್ತಿತ್ತು. ಸಿದ್ದರಾಜು ಮೆಲ್ಲಗೆ ನನ್ನ ಹತ್ತಿರ ಬಂದು, “ಅಣ್ಣ, ಗಾಜಿನ್ ವ್ಯಾನ್‌ಗೆ ಫೋನ್ ಮಾಡ್ಲಾ?” ಎಂದ.

ನಾನು ಚಪ್ಪಲಿ ಬಿಟ್ಟು ಟ್ರೇಲರು ಹತ್ತಿದೆ. ದೊಡ್ಡಪ್ಪನ ಹಿಂದೆ ಹೋಗಿ, ಅವರ ಬೆನ್ನಿಗೆ ಬೆನ್ನು ಕೊಟ್ಟು ಕೂತೆ. “ನಂಗೇ ಕಟ್ಟಿ” ಅಂದೆ. ಐನೋರು ಒಂದು ಗಳಿಗೆ ಯೋಚಿಸಿ, ಶಾಸ್ತ್ರದಲ್ಲಿ ಬೇಡವೆಂದು ಎಲ್ಲೂ ಇಲ್ಲ ಎಂದುಕೊಂಡರೋ ಏನೋ, ಹಗ್ಗ ಕೆಳಗಿಟ್ಟು ಒಂದು ಪಂಚೆಯಿಂದ ಇಬ್ಬರನ್ನೂ ಸೇರಿಸಿ ಬಿಗಿದರು.

ಹಾಗೆ ಹೊರಟೆವು. ಅವರು ಮುಂದೆ ನೋಡುತ್ತಿದ್ದರು, ನಾನು ಹಿಂದೆ. ಅವರ ತೆಂಗಿನ ತೋಟ, ಪಂಪ್‌ಮನೆ, ಪಂಚಾಯಿತಿ ಕಟ್ಟೆ ಒಂದೊಂದಾಗಿ ನನ್ನ ಕಣ್ಣೆದುರು ಸಣ್ಣಗಾಗುತ್ತ ಹೋದವು. ಅಂಗಿಯೊಳಕ್ಕೆ ಅವರ ಬೆನ್ನಿನ ತಂಪು ಇಳಿಯುತ್ತಿತ್ತು. ರಸ್ತೆಯ ಹಳ್ಳ ಬಂದಾಗಲೆಲ್ಲ ಅವರ ಪೇಟ ನನ್ನ ಬೋಳುತಲೆಗೆ ಬಡಿಯುತ್ತಿತ್ತು. ಹಿಂದೆ ನಡೆದು ಬರುತ್ತಿದ್ದ ಜನರಿಗೆಲ್ಲ ಕಾಣುತ್ತಿದ್ದುದು ನನ್ನ ಮುಖವೇ. ಯಾವ ಮುಖ ಇಟ್ಟುಕೊಳ್ಳಬೇಕೆಂದು ತಿಳಿಯದೆ ಕಣ್ಣು ಮುಚ್ಚಿದೆ. ದಾರಿಬದಿಯಲ್ಲಿ ಯಾರೋ ಮುದುಕರು ಇಬ್ಬರಲ್ಲಿ ಯಾರೆಂದು ಗೊತ್ತಾಗದೆ ನನಗೂ ಕೈಮುಗಿದು ಹೂವು ಎಸೆದರು. ಎರಡು ಸಾಲು ಚಾನಲ್ಲಿನ ಗಾಡಿ ಒಂದು ಚೂರೂ ಕಿರುಗುಟ್ಟಲಿಲ್ಲ. ಕಿರುಗುಟ್ಟಿದ್ದು ನನ್ನ ಸೊಂಟ.

ದೊಡ್ಡಮ್ಮ ಟ್ರೇಲರಿನ ಅಂಚು ಹಿಡಿದುಕೊಂಡೇ ಹಿಂದೆ ನಡೆದು ಬರುತ್ತಿದ್ದರು. ತಿರುವಿನ ಹತ್ತಿರ ನನ್ನ ಕಡೆ ನೋಡಿ, “ಭಾರ ಆಯ್ತದೇನಪ್ಪ?” ಎಂದು ಕೇಳಿದರು.

“ಇಲ್ಲ ದೊಡ್ಡಮ್ಮ.”

“ಆಯ್ತದೆ ಕಣಪ್ಪ. ನಂಗೊತ್ತು” ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ದೊಡ್ಡಪ್ಪ ಕೂತುಕೊಂಡೇ ಹೋದರು, ಕೂತುಕೊಂಡೇ ಮಣ್ಣಾದರು. ನಾನು ಮಾತ್ರ ಆಮೇಲೆ ಬಹಳ ದಿನ ಕೂರಲೂ ಆಗದೆ ನಿಲ್ಲಲೂ ಆಗದೆ ಗೋಡೆ ಹಿಡಿದುಕೊಂಡು ಓಡಾಡಿದೆ. “ಏನಾದ್ರೂ ಭಾರ ಎತ್ತಿದ್ರಾ?” ಎಂದು ಡಾಕ್ಟರು ಕೇಳಿದರು. “ಎತ್ತಲಿಲ್ಲ, ಒರಗಿಸ್ಕೊಂಡಿದ್ದೆ” ಎಂದೆ. ಅವರು ಮಾತ್ರೆ ಬರೆಯುವುದನ್ನು ನಿಲ್ಲಿಸಿ ನನ್ನನ್ನೊಮ್ಮೆ ನೋಡಿ, ಮತ್ತೆ ಬರೆದರು.

ಹಿರೇಹಳ್ಳಿಯಿಂದ ಬಾಡಿಗೆಗೆ ಇನ್ನೂ ಯಾರೂ ಬಂದಿಲ್ಲ. ಮೊದಲ ಗಿರಾಕಿ ಊರಿನ ಗಂಗಮ್ಮಜ್ಜಿ. ಮೆರವಣಿಗೆಯನ್ನು ಮನೆಬಾಗಿಲಲ್ಲಿ ನಿಂತು ನೋಡಿದ್ದರಂತೆ. ಅವರ ಅಳಿಯ ತುಮಕೂರಿನ ನಮ್ಮ ಮನೆಗೇ ಬಂದು, ಕಾಫಿ ಕುಡಿದು, ಸಂಕೋಚದಿಂದ ವಿಷಯ ತೆಗೆದ. ಅಜ್ಜಿಗೆ ಈಗ ಏನೂ ಆಗಿಲ್ಲ, ಆದರೆ ಟ್ರೇಲರಿಗೆ ಹೇಳಿಡಬೇಕಂತೆ. “ಅದಕ್ಕೇನಂತೆ, ಅಷ್ಟರೊಳಗೆ ಮುಂದೆ ಒಂದು ಗಟ್ಟಿ ಚೌಕಟ್ಟು ಹಾಕಿಸಿರ್ತೀನಿ” ಎಂದೆ.

“ಅಯ್ಯೋ, ಚೌಕಟ್ಟು ಬ್ಯಾಡ ಬುಡಿ ಸಾರ್” ಎಂದ ಅವನು. “ಅಜ್ಜಿ ಖಡಕ್ಕಾಗಿ ಹೇಳವ್ರೆ. ಕಬ್ಬಿಣ ತಣ್ಣಗಿರ್ತದೆ, ಮಾದೇವಪ್ಪನೇ ಕೂತ್ಕಬೇಕು ಅಂತವ್ರೆ.”

ಹೋಗುವಾಗ ಅಜ್ಜಿ ಕೊಟ್ಟು ಕಳಿಸಿದ್ದೆಂದು ಒಂದು ಬಾಟಲಿ ಮನೆಯ ಹರಳೆಣ್ಣೆ ಇಟ್ಟು ಹೋದ. ಬೆನ್ನಿಗೆ ತಪ್ಪದೆ ಹಚ್ಚಿಕೊಳ್ಳಬೇಕಂತೆ. ಸಂಜೆ ನಾನು ಕೆಲಸದಿಂದ ಬಂದ ಮೇಲೆ ಗಿರಿಜೆ ಅದನ್ನು ಬಿಸಿ ಮಾಡಿ ತಂದು ತಿಕ್ಕುತ್ತಾಳೆ. ನೋವಿಗೆ ಸ್ವಲ್ಪ ಬಗ್ಗಿದರೂ ಸಾಕು, ಹಿಂದಿನಿಂದ ಒಂದು ಏಟು ಬೀಳುತ್ತದೆ.

“ನೆಟ್ಟಗೆ ಕೂತ್ಕೊಳ್ರೀ. ಇದು ಈಗ ನಿಮ್ಮೊಬ್ರ ಬೆನ್ನಲ್ಲ.”