ಇಬ್ರಿಯ ಮಾವು, ಬೋಜಣ್ಣನ ಹೆಬ್ಬೆರಳು

ಮಸ್ಕತ್‌ನ ಖುರುಮಿನ ಆಫೀಸಿನಲ್ಲಿ ಬೋಜಣ್ಣ ಆ ಮಾತು ಆಡಬಾರದಿತ್ತು. ಆಡಿಬಿಟ್ಟ.

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆ ಅದು. ಬೋಜಣ್ಣ ದುಡಿಯುತ್ತಿದ್ದ ಸ್ಪೇರ್ ಪಾರ್ಟ್ಸ್ ಕಂಪನಿಯ ಮಾಲೀಕ ಅಬ್ದುಲ್ಲಾ ಸಾಹೇಬರು ವಾರದ ರಜೆ ಮುಗಿಸಿ ತಮ್ಮೂರು ಇಬ್ರಿಯಿಂದ ಬರುವಾಗ ತೋಟದ ಮಾವಿನಕಾಯಿ ತುಂಬಿದ ರಟ್ಟಿನ ಪೆಟ್ಟಿಗೆಯೊಂದನ್ನು ತಂದಿದ್ದರು. ಎಲ್ಲವೂ ಹಸಿರು, ಎಲ್ಲವೂ ಕಲ್ಲು. ಸಾಹೇಬರು ಯೌವನದಲ್ಲಿ ಬೊಂಬಾಯಿಯಲ್ಲಿ ವ್ಯಾಪಾರ ಮಾಡಿದವರು. ಅವರ ಹಿಂದಿ ಬೋಜಣ್ಣನ ಹಿಂದಿಗಿಂತ ಚೆನ್ನಾಗಿತ್ತು.

"ಮರದಲ್ಲಿ ಬಿಟ್ಟರೆ ಹಕ್ಕಿಯ ಪಾಲು, ಕೊಯ್ದು ಇಟ್ಟರೆ ಕೊಳೆತು ಹೋಗುತ್ತದೆ. ಹಾಗಾಗಿ ಎಲ್ಲ ಉಪ್ಪಿನಕಾಯಿಗೆ. ನನ್ನದೇ ತೋಟದ ಒಂದು ಒಳ್ಳೆ ಹಣ್ಣೂ ನಾನು ತಿಂದಿಲ್ಲ," ಎಂದು ಅವರು ನಿಟ್ಟುಸಿರು ಬಿಟ್ಟರು.

ಬೋಜಣ್ಣ ಎದೆ ಉಬ್ಬಿಸಿದ. "ಸಾಬ್, ನಾವು ಹುಟ್ಟಿದ್ದೇ ಮಾವಿನಮರದ ಬುಡದಲ್ಲಿ." (ಅವನು ಹುಟ್ಟಿದ್ದು ಮೂಲ್ಕಿಯ ಆಸ್ಪತ್ರೆಯಲ್ಲಿ.) "ಈ ಪೆಟ್ಟಿಗೆ ನನಗೆ ಕೊಡಿ. ಶುಕ್ರವಾರ ನಮ್ಮ ಮನೆಗೆ ಊಟಕ್ಕೆ ಬನ್ನಿ. ನಿಮ್ಮ ಹಣ್ಣು ನಿಮಗೇ ಗುರುತು ಸಿಗದ ಹಾಗೆ ಮಾಡಿ ಕೊಡ್ತೇನೆ!"

ಈ ಔದಾರ್ಯದ ಹಿಂದೆ ಒಂದು ರಾಜಕಾರಣವಿತ್ತು. ಆ ತಿಂಗಳ ಕೊನೆಗೆ ಊರಿನಲ್ಲಿ ಹೆಂಡತಿ ಉಮಾವತಿಯ ತಮ್ಮನ ಮದುವೆ. ರಜೆ ಕೇಳಿದಾಗಲೆಲ್ಲ ಸಾಹೇಬರು "ಇನ್ಷಾ ಅಲ್ಲಾ, ನೋಡೋಣ" ಎನ್ನುತ್ತಿದ್ದರು. ಬಾಯಿ ಸಿಹಿಯಾದರೆ ಮಾತೂ ಸಿಹಿಯಾದೀತು ಎಂಬುದು ಬೋಜಣ್ಣನ ಲೆಕ್ಕಾಚಾರ.

ಅಲ್ ಹೈಲ್‌ನ ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದ ಉಮಾವತಿ ಒಂದು ಕಾಯಿ ಎತ್ತಿ ಮೇಜಿನ ಮೇಲೆ ಕುಟ್ಟಿದಳು. ಮೇಜು ಸದ್ದು ಮಾಡಿತು.

"ಇದನ್ನು ಹಣ್ಣು ಮಾಡ್ಲಿಕ್ಕೆ ಬೈಹುಲ್ಲು ಎಲ್ಲಿ ಉಂಟು ಈ ಮರಳುಗಾಡಲ್ಲಿ? ನಿಮ್ಮ ತಲೆಯೊಳಗಾ?"

ಪಕ್ಕದ ಮನೆಯ ಉಳ್ಳಾಲದ ಐಶಮ್ಮ ಆಗ ಅಲ್ಲೇ ಚಹಾ ಕುಡಿಯುತ್ತಿದ್ದರು. "ಬೈಹುಲ್ಲು ಎಂತಕ್ಕೆ ಉಮಕ್ಕ? ಅಕ್ಕಿ ಗೋಣಿಯಲ್ಲಿ ಹುಗಿದಿಡಿ. ಶುಕ್ರವಾರದವರೆಗೆ ಯಾರೂ ಮುಟ್ಟಬಾರದು, ಅಷ್ಟೇ."

'ಯಾರೂ' ಎನ್ನುವಾಗ ಐಶಮ್ಮ ಬೋಜಣ್ಣನ ಕಡೆ ನೋಡಲಿಲ್ಲ. ಉಮಾವತಿ ನೋಡಿದಳು. ಕಾರಣವಿತ್ತು. ಮುಚ್ಚಿಟ್ಟದ್ದರ ಒಳಗೆ ಏನು ನಡೆಯುತ್ತಿದೆಯೆಂದು ತಿಳಿಯದೆ ಈ ಮನುಷ್ಯನಿಗೆ ಅನ್ನ ಸೇರುತ್ತಿರಲಿಲ್ಲ. ಇಡ್ಲಿ ಬೇಯುವಾಗ ಮುಚ್ಚಳ ತೆಗೆಯುವುದು, ಹೆಪ್ಪು ಹಾಕಿದ ಹಾಲನ್ನು ಅಲುಗಾಡಿಸಿ ನೋಡುವುದು, ಚೆನ್ನಾಗಿ ಹಾಡುತ್ತಿದ್ದ ರೇಡಿಯೋವನ್ನು ಬಿಚ್ಚುವುದು. (ರೇಡಿಯೋ ಈಗಲೂ ಬಿಚ್ಚಿಕೊಂಡೇ ಇದೆ.)

ಮಾವು ಅಕ್ಕಿಯೊಳಗೆ ಹೋಯಿತು. ಬೋಜಣ್ಣನ ಮನಸ್ಸೂ ಅದರ ಜೊತೆಗೇ ಹೋಯಿತು.

ಮರುದಿನ ಬೆಳಿಗ್ಗೆ ಅವನು ಗೋಣಿಯ ಮುಂದೆ ಕೂತು ಯೋಚಿಸಿದ. ಹಣ್ಣಾಗುವುದು ತೊಟ್ಟಿನ ಕಡೆಯಿಂದಲೋ, ತುದಿಯಿಂದಲೋ? ಎಲ್ಲವೂ ಒಟ್ಟಿಗೆ ಹಣ್ಣಾಗುತ್ತವೋ, ಒಂದನ್ನು ನೋಡಿ ಇನ್ನೊಂದೋ? ಇಷ್ಟು ವರ್ಷ ಹಣ್ಣು ತಿಂದೂ ಇದು ಗೊತ್ತಿಲ್ಲದೆ ಬದುಕಿದ್ದೇನಲ್ಲ ಎಂದು ಅವನಿಗೆ ನಾಚಿಕೆಯೇ ಆಯಿತು. ಮೊಣಕೈವರೆಗೆ ಕೈ ಇಳಿಸಿ, ಸಿಕ್ಕಿದ ಕಾಯಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದ. ಗಟ್ಟಿ. ಇನ್ನೊಂದು. ಅದೂ ಗಟ್ಟಿ. ಒಂದನ್ನು ಒತ್ತಿ ಇನ್ನೊಂದನ್ನು ಬಿಟ್ಟರೆ ಪಕ್ಷಪಾತವಾಗುತ್ತದೆಂದು ಎಲ್ಲವನ್ನೂ ಒತ್ತಿದ.

"ಕೈಯಲ್ಲೆಂತ ಅದು ಬಿಳಿ?" ಉಮಾವತಿ ಬಾಗಿಲಲ್ಲಿ ನಿಂತಿದ್ದಳು.

"ಪೌಡರ್ ಮಾರಾಯ್ತಿ. ಸೆಕೆ ಅಲ್ವಾ?"

"ಮೊಣಕೈಗೆ ಪೌಡರ್ ಹಾಕುವ ಗಂಡಸು ಇಡೀ ಒಮಾನಲ್ಲಿ ನೀವೊಬ್ಬರೇ."

ಅಷ್ಟರಲ್ಲಿ ಅವನ ಮಡಚಿದ ತೋಳಿನಿಂದ ಒಂದು ಅಕ್ಕಿಕಾಳು ಟಪ್ಪನೆ ನೆಲಕ್ಕೆ ಬಿತ್ತು. ವಾದ ಅಲ್ಲಿಗೆ ಮುಗಿಯಿತು.

ಉಮಾವತಿ ಎಲ್ಲವನ್ನೂ ಹೊರಗೆ ತೆಗೆದು, ಹಳೆಯ ಪೇಪರಿನಲ್ಲಿ ಒಂದೊಂದಾಗಿ ಸುತ್ತಿ, ಕಪಾಟಿನಲ್ಲಿ ತನ್ನ ಸೀರೆಗಳ ನಡುವೆ ಇಟ್ಟು ಬೀಗ ಜಡಿದಳು. ಬೋಜಣ್ಣ ಆಫೀಸಿನಿಂದ ಬಂದವನೇ ಕಪಾಟಿನ ಸಂದಿಗೆ ಮೂಗು ಇಟ್ಟು ದೀರ್ಘ ಪ್ರಾಣಾಯಾಮ ಮಾಡತೊಡಗಿದ. ಪರಿಮಳ ಬಂತೋ, ಅಲ್ಲ ಅದು ನುಸಿಗುಳಿಗೆಯೋ?

"ಮಮ್ಮೀ!" ಮಗಳು ವಿನೋದಾ ಕೂಗಿದಳು. "ಪಪ್ಪಾ ಈಸ್ ಸ್ಮೆಲ್ಲಿಂಗ್ ದಿ ಕಬೋರ್ಡ್!"

ಇಂಡಿಯನ್ ಸ್ಕೂಲಿನ ಫೀಸು ಹೀಗೆ ತನ್ನ ವಿರುದ್ಧವೇ ಸಾಕ್ಷಿ ಹೇಳಲು ಉಪಯೋಗವಾಗುತ್ತದೆಂದು ಬೋಜಣ್ಣ ಎಣಿಸಿರಲಿಲ್ಲ.

"ನೋಡು, ಇದು ಶಾಖದ ವಿಷಯ," ಎಂದು ಅವನು ಹೆಂಡತಿಗೆ ಶಾಸ್ತ್ರ ಹೇಳಿದ. "ಊರಲ್ಲಿ ಬೈಹುಲ್ಲು ಮಾಡುವ ಕೆಲಸ ಇಲ್ಲಿ ಸೂರ್ಯ ಮಾಡ್ತಾನೆ. ನನಗೆ ಎರಡೇ ಎರಡು ಕಾಯಿ ಕೊಡು. ಕಾರಿನ ಡಿಕ್ಕಿಯಲ್ಲಿ ಇಟ್ಟು ತೋರಿಸ್ತೇನೆ."

ಕಾಟ ತಡೆಯಲಾರದೆ ಉಮಾವತಿ ಕೊಟ್ಟಳು. ಕಾರು ಖುರುಮಿನ ಬಿಸಿಲಲ್ಲಿ ಇಡೀ ದಿನ ನಿಂತಿತು. ಸಂಜೆ ಡಿಕ್ಕಿ ತೆರೆದಾಗ ಒಳಗಿದ್ದದ್ದು ಹಣ್ಣೂ ಅಲ್ಲ, ಕಾಯಿಯೂ ಅಲ್ಲ. ಸುಕ್ಕುಗಟ್ಟಿ, ಕಂದಿ, ಬೇಯಿಸಿದ ಗೆಣಸಿನ ಹಾಗೆ ಎರಡು ವಸ್ತುಗಳು ಬೋಜಣ್ಣನನ್ನು ನೋಡಿ ಉಸ್ಸೆಂದು ಹಬೆ ಬಿಟ್ಟವು. ಉಮಾವತಿ ಮದುವೆಗೆಂದು ಇಸ್ತ್ರಿ ಮಾಡುತ್ತಿದ್ದ ಸೀರೆಯನ್ನು ಮಡಚಿ ಪಕ್ಕಕ್ಕೆ ಇಟ್ಟಳು. ಅದು ಬೈಗುಳಕ್ಕಿಂತ ಹೆಚ್ಚು ತಾಗಿತು.

ಹಾಗೆಂದು ಹೆಬ್ಬೆರಳು ಸುಮ್ಮನಿದ್ದೀತೇ? ಹೆಂಡತಿ ಸ್ನಾನಕ್ಕೆ ಹೋದಾಗ ಕೀಲಿಕೈ ಕಿಟಕಿಯ ಮೇಲಿರುತ್ತಿತ್ತು. ಪೇಪರು ಬಿಚ್ಚುವುದು, ಒತ್ತುವುದು, ಮತ್ತೆ ಸುತ್ತಿಡುವುದು. ಬುಧವಾರ ಒಂದು ಹಣ್ಣು ಚೂರು ಮಣಿಯಿತು. ಬೋಜಣ್ಣನಿಗೆ ಆದ ಆನಂದ ಅಷ್ಟಿಷ್ಟಲ್ಲ. ಗುರುವಾರ ಆ ಆನಂದವನ್ನು ಖಚಿತಪಡಿಸಿಕೊಳ್ಳಲು ಮತ್ತೆರಡು ಸಲ ಒತ್ತಿದ.

ಶುಕ್ರವಾರ ಬೆಳಿಗ್ಗೆ ಉಮಾವತಿ ಕಪಾಟು ತೆರೆದಾಗ ಕೋಣೆಯೆಲ್ಲ ಘಮಘಮಿಸಿತು. ಸುತ್ತಿದ ಪೇಪರು ಬಿಚ್ಚಿದಳು. ಹಳದಿ ಬಣ್ಣ ಬಂದಿತ್ತು. ಹಳದಿಯ ಮೇಲೆ ಅಲ್ಲಲ್ಲಿ ಕಪ್ಪು ಗುಳಿಗಳು. ಇನ್ನೊಂದರ ಮೇಲೂ ಗುಳಿ. ಎಲ್ಲದರ ಮೇಲೂ. ಅವಳು ಗಂಡನ ಕೈಯನ್ನು ಎಳೆದು, ಹೆಬ್ಬೆರಳನ್ನು ಒಂದು ಗುಳಿಯ ಮೇಲೆ ಇಟ್ಟಳು. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು.

"ಗಾಳಿಗೂ ಹಾಗೆ ಆಗ್ತದೆ," ಎಂದ ಬೋಜಣ್ಣ.

"ಗಾಳಿಗೆ ಉಗುರು ಉಂಟಾ?"

ಒಳಗೆ ಒತ್ತಿದಲ್ಲೆಲ್ಲ ಕೊಳೆತಿತ್ತು. ಉಳಿದದ್ದು ಕೆಲವು ಕಡೆ ಸಿಹಿ, ಕೆಲವು ಕಡೆ ಹುಳಿ. ಹೋಳು ಮಾಡಿ ತಟ್ಟೆಯಲ್ಲಿಡುವ ಆಸೆಯನ್ನು ಉಮಾವತಿ ಅಲ್ಲಿಗೇ ಬಿಟ್ಟಳು. ಸೆರಗು ಸಿಕ್ಕಿಸಿ, ಕೊಳೆತದ್ದನ್ನು ಕೆತ್ತಿ ಬಿಸಾಡಿ, ಉಳಿದದ್ದಕ್ಕೆ ಬೆಲ್ಲ, ಹಸಿಮೆಣಸು, ಉಪ್ಪು ಹಾಕಿ ಕುದಿಸಿದಳು. ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ ಚುರ್ರೆನ್ನುವಾಗ ಹೊರಗೆ ಸಾಹೇಬರ ಕಾರು ನಿಂತಿತು.

ಪತ್ನಿಯೊಂದಿಗೆ ಬಂದು ಊಟಕ್ಕೆ ಕೂತ ಅಬ್ದುಲ್ಲಾ ಸಾಹೇಬರು ಅನ್ನಕ್ಕೆ ಗೊಜ್ಜು ಕಲಸಿ ಒಂದು ತುತ್ತು ತಿಂದರು. ಕಣ್ಣು ಮುಚ್ಚಿದರು. ಮತ್ತೆ ಬಡಿಸಿಕೊಂಡರು. ಆಮೇಲೆ ಅನ್ನವನ್ನು ಬಿಟ್ಟು ಗೊಜ್ಜನ್ನೇ ಬೆರಳಿನಿಂದ ಚೀಪಿದರು.

"ಇದು ಯಾವ ಹಣ್ಣು?"

"ನಿಮ್ಮದೇ ಸಾಬ್!"

ಅಷ್ಟರಲ್ಲಿ ಅಡುಗೆಮನೆ ನೋಡಲು ಹೋಗಿದ್ದ ಸಾಹೇಬರ ಪತ್ನಿ, ಉಳಿದಿದ್ದ ಒಂದು ಹಣ್ಣನ್ನು ಹಿಡಿದುಕೊಂಡು ಬಂದರು. ಕಪ್ಪು ಗುಳಿಗಳನ್ನು ತೋರಿಸಿ ಗಂಡನಿಗೆ ಅರಬಿಯಲ್ಲಿ ಏನೋ ಕೇಳಿದರು. ಸಾಹೇಬರ ಹುಬ್ಬು ಮೇಲೇರಿತು. ಬೋಜಣ್ಣ ಹೆಬ್ಬೆರಳನ್ನು ಮುಷ್ಟಿಯೊಳಗೆ ಅಡಗಿಸಿದ. ಉಮಾವತಿಯ ಕಣ್ಣೆದುರು ತಮ್ಮನ ಮದುವೆಯ ಚಪ್ಪರ ಕಳಚಿ ಬಿದ್ದಂತಾಯಿತು.

"ಸಾಬ್," ಎಂದಳು ಅವಳು, ತನಗೆ ಬರುವ ಅಷ್ಟೂ ಹಿಂದಿಯನ್ನು ಒಟ್ಟುಮಾಡಿ. "ಗೊಜ್ಜಿಗೆ ಹಣ್ಣನ್ನು ದಿನಾ ಹೆಬ್ಬೆರಳಿನಿಂದ ಒತ್ತಿ ಒತ್ತಿ ಹದ ಮಾಡಬೇಕು. ಎಲ್ಲರೂ ಒತ್ತಿದರೆ ಆಗುವುದಿಲ್ಲ. ಇವರಿಗೆ ಆ ಕೈಗುಣ ಉಂಟು."

ಗಂಡನ ಮಾನ ಉಳಿಯಿತು. ಉಳಿದ ಮಾನವನ್ನು ಇಟ್ಟುಕೊಂಡು ಸುಮ್ಮನಿರುವ ಗುಣ ಮಾತ್ರ ಬೋಜಣ್ಣನಿಗೆ ಇರಲಿಲ್ಲ.

"ನಮ್ಮ ಅಜ್ಜನಿಂದ ಬಂದದ್ದು ಸಾಬ್," ಎಂದು ಅವನು ಬೀಗಿದ. "ನನ್ನ ಸ್ವಂತ ತಮ್ಮನಿಗೂ ಬರುವುದಿಲ್ಲ. ಇಡೀ ಮಸ್ಕತ್‌ನಲ್ಲಿ ಇದು ನನಗೊಬ್ಬನಿಗೇ ಗೊತ್ತು."

ಸಾಹೇಬರು ಎದ್ದು ಬಂದು ಅವನ ಹೆಬ್ಬೆರಳನ್ನು ಹಿಂದೆ ಮುಂದೆ ತಿರುಗಿಸಿ ಗೌರವದಿಂದ ನೋಡಿದರು. ಸಂದರ್ಭ ನೋಡಿ ಉಮಾವತಿ ಮದುವೆಯ ರಜೆಯ ಮಾತು ತೆಗೆದಳು.

"ಖಲಾಸ್! ರಜೆ ಕೊಟ್ಟೆ," ಎಂದರು ಸಾಹೇಬರು. "ನೀವು, ಮಗಳು ಹೋಗಿ ಬನ್ನಿ. ಟಿಕೆಟ್ ನಾನು ಕೊಡುತ್ತೇನೆ. ಗೊಜ್ಜು ಮಾಡುವುದನ್ನು ನನ್ನ ಹೆಂಡತಿಗೆ ಇವತ್ತೇ ಕಲಿಸಿಬಿಡಿ." ಹೆಬ್ಬೆರಳನ್ನು ಅವರು ಇನ್ನೂ ಬಿಟ್ಟಿರಲಿಲ್ಲ. "ತೋಟದಲ್ಲಿ ಇನ್ನೂ ಬೇಕಾದಷ್ಟು ಕಾಯಿ ಇದೆ. ಎಲ್ಲವನ್ನೂ ಇಬ್ರಿಯಿಂದ ತರಿಸುತ್ತೇನೆ. ಮಾವು ಮುಗಿಯುವವರೆಗೆ ಇವರು ಮಾತ್ರ ಎಲ್ಲಿಗೂ ಹೋಗುವ ಹಾಗಿಲ್ಲ."

ತಿಂಗಳ ಕೊನೆಗೆ ಸೀಬ್ ವಿಮಾನ ನಿಲ್ದಾಣದಲ್ಲಿ ಬೋಜಣ್ಣ ಹೆಂಡತಿಯ ಸೂಟ್‌ಕೇಸನ್ನು ನಾಲ್ಕು ಬೆರಳಲ್ಲಿ ಎತ್ತಿ ಕೊಟ್ಟ. ಹೆಬ್ಬೆರಳು ಊದಿಕೊಂಡಿತ್ತು, ಸ್ಟೋರಿನಲ್ಲಿ ಇನ್ನೂ ಏಳು ಪೆಟ್ಟಿಗೆ ಕಾಯುತ್ತಿದ್ದವು.

"ಕೈಗುಣ ಅಂತ ಹೇಳುವ ಬದಲು ಬೇರೆ ಏನಾದರೂ ಹೇಳ್ಬಹುದಿತ್ತಲ್ಲ ಉಮಾ," ಎಂದ ಅಳುಮೋರೆಯಲ್ಲಿ.

"ಮತ್ತೆಂತ, ಕೈಚಟ ಅಂತ ಹೇಳ್ಬೇಕಿತ್ತಾ?" ಎಂದು ಉಮಾವತಿ ಮಗಳ ಕೈ ಹಿಡಿದು ಒಳಗೆ ನಡೆದಳು.