ಪೀಚೆಕತ್ತಿಯ ಹಿಡಿ ತಿಂದ ಮೆಷಿನ್

ಕೆಂಪು ಗುಂಡಿ ಒತ್ತಿದೆ. ಮೆಷಿನ್ ನಿಲ್ಲಲಿಲ್ಲ.

ಮತ್ತೆ ಒತ್ತಿದೆ. ಎರಡೂ ಕೈ ಸೇರಿಸಿ ಒತ್ತಿದೆ. ಆಗ ನೆನಪಾಯಿತು, ಆ ಗುಂಡಿಗೆ ನಾನಿನ್ನೂ ವೈರೇ ಕೊಟ್ಟಿರಲಿಲ್ಲ. ಭಾನುವಾರ ಕೊಡೋಣ ಎಂದುಕೊಂಡಿದ್ದೆ. ಅವತ್ತು ಶುಕ್ರವಾರ.

ಗಿರ್ರೆಂದು ತಿರುಗುವ ಕಟರ್ ಎಡಗಡೆಗೆ ಹೋಗುತ್ತಲೇ ಇತ್ತು. ಎಡಗಡೆಯ ಮೂಲೆಯಲ್ಲಿ ಸುಬೇದಾರ್ ಬೋಪಯ್ಯನವರ ಪೀಚೆಕತ್ತಿಯ ಹಿಡಿ ಇತ್ತು. ಅವರ ಅಪ್ಪ ಮದುವೆಯ ದಿನ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕತ್ತಿಯ ಹಿಡಿ ಅದು. ಅವರೂ ಸಿಕ್ಕಿಸಿಕೊಂಡಿದ್ದರು. ಇನ್ನೊಂಬತ್ತು ದಿನಕ್ಕೆ ಅವರ ಮಗ ಸಿಕ್ಕಿಸಿಕೊಳ್ಳಬೇಕಿತ್ತು. ಕೊಡವರ ಮದುಮಗ ಪೀಚೆಕತ್ತಿ ಇಲ್ಲದೆ ಮಂಟಪಕ್ಕೆ ಹೋಗುವುದೂ ಒಂದೇ, ಪ್ಯಾಂಟ್ ಇಲ್ಲದೆ ಹೋಗುವುದೂ ಒಂದೇ.

ಕರ್ರ್ ಎಂದಿತು. ಹಿಡಿಯ ಒಂದು ಮಗ್ಗುಲು ಪುಡಿಯಾಗಿ ನನ್ನ ಮುಖಕ್ಕೆ ಹಾರಿತು.

ನಾನು ಕಿರುಚಿದೆನಂತೆ. ನನಗೆ ನೆನಪಿಲ್ಲ. ಹೆಂಡತಿ ಶೈಲಾ ಅಡುಗೆಮನೆಯಿಂದ ಬಂದಳು, ಒಂದು ಸಲ ನೋಡಿದಳು, ಗೋಡೆಯ ಫ್ಯೂಸ್ ಕಿತ್ತು ಕೈಯಲ್ಲಿ ಹಿಡಿದುಕೊಂಡಳು. ಮೆಷಿನ್ ನಿಂತಿತು.

"ಇದಕ್ಕೆ ಆ ಕೆಂಪು ಗುಂಡಿ ಇತ್ತಲ್ಲ ರೀ?"

"ಅದು ಸದ್ಯಕ್ಕೆ ಚಂದಕ್ಕೆ," ಎಂದೆ.

ನಾನು ಕೊಡಗಿನ ಅಮ್ಮತ್ತಿಯಲ್ಲಿ ವೆಲ್ಡಿಂಗ್ ಮಾಡುವವನು. ಎಸ್ಟೇಟಿನಲ್ಲಿ ಗೇಟ್ ಮುರಿದರೆ, ಕಾಫಿ ಹಣ್ಣು ಸುಲಿಯುವ ಪಲ್ಪರ್ ಕೆಟ್ಟರೆ ನನ್ನನ್ನು ಕರೆಯುತ್ತಾರೆ. ಒಂಬತ್ತನೇ ಕ್ಲಾಸಿಗೆ ಶಾಲೆ ನನಗೆ ಸಾಕಾಯಿತು. ಶಾಲೆಗೆ ನಾನು ಅದಕ್ಕಿಂತ ಮೊದಲೇ ಸಾಕಾಗಿದ್ದೆ. ಹೀಗಿರುವ ನಾನು ಮನೆ ಹಿಂದಿನ ಶೆಡ್ಡಿನಲ್ಲಿ ಒಂದು ಸಿಎನ್‌ಸಿ ಮೆಷಿನ್ ಕಟ್ಟಿದೆ. ಕಂಪ್ಯೂಟರ್ ಹೇಳಿದ ಹಾಗೆ ತನ್ನಷ್ಟಕ್ಕೆ ಮರ ಕೆತ್ತುವ ಮೆಷಿನ್. ಆ ಮೂರು ಅಕ್ಷರ ಬಿಡಿಸಿ ಹೇಳು ಎಂದು ಮಾತ್ರ ಕೇಳಬೇಡಿ.

ಹಳೇ ಪಲ್ಪರಿನ ಕಬ್ಬಿಣದಲ್ಲಿ ಫ್ರೇಮ್ ಮಾಡಿದೆ. ಮೋಟಾರು, ಬೋರ್ಡು ಕೊರಿಯರಿನಲ್ಲಿ ಬಂದವು. ಜೋಡಿಸುವುದನ್ನು ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತೆ. ವಿಡಿಯೋದವನು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ. ನಾನು ಅವನ ಕೈ ನೋಡಿದೆ, ಮಾತು ಬಿಟ್ಟೆ. ಎಚ್ಚರಿಕೆಗಳನ್ನೆಲ್ಲ ಅವನು ಮಾತಿನಲ್ಲೇ ಹೇಳಿದ್ದ ಎಂದು ಆಮೇಲೆ ಗೊತ್ತಾಯಿತು.

ಮೊದಲು ಕಟರ್ ತಿರುಗಿಸಲು ಕೈ ಡ್ರಿಲ್ ಮೆಷಿನ್ನನ್ನೇ ಬಿಗಿದು ಕಟ್ಟಿದ್ದೆ. ಆಗ ಅದು ಸಾಧು. ಶೈಲಾಳಿಗೆ ಒಂದು ಚಪಾತಿ ಮಣೆಯನ್ನೂ ಕೆತ್ತಿಕೊಟ್ಟಿತು. ಮಣೆ ಸ್ವಲ್ಪ ಮೊಟ್ಟೆ ಆಕಾರ. ಅಲ್ಲಿಗೆ ನಿಲ್ಲಿಸಬೇಕಿತ್ತು. ನಾನು ಅಪ್‌ಗ್ರೇಡ್ ಮಾಡಿದೆ. ದೊಡ್ಡ ಮೋಟಾರು ಹಾಕಿದೆ. ಅದು ಶುರುವಾದರೆ ಹಲ್ಲು ಜುಮ್ಮೆನ್ನುವ ಸದ್ದು. ನಮ್ಮ ಬೆಕ್ಕು ಅವತ್ತೇ ಪಕ್ಕದ ಮನೆಗೆ ಹೋಯಿತು, ಇವತ್ತಿನ ತನಕ ವಾಪಸು ಬಂದಿಲ್ಲ. ನಿಜ ಹೇಳುತ್ತೇನೆ, ನನಗೂ ಹೋಗೋಣ ಅನ್ನಿಸಿತ್ತು.

ಅಲ್ಲಿಂದ ನನಗೆ ಹೆದರಿಕೆ ಶುರು. ಹೆದರಿಕೆಯಾದಾಗಲೆಲ್ಲ ಒಂದು ಅಪ್‌ಗ್ರೇಡ್ ಮಾಡಿದೆ. ಚೂರು ಹಾರಿ ಕಣ್ಣಿಗೆ ಬಿದ್ದರೆ? ಮುಂದೆ ಎದೆಯೆತ್ತರದ ಪ್ಲಾಸ್ಟಿಕ್ ಹಲಗೆ ಹಾಕಿದೆ. ಅಂಚು ದಾಟಿ ಓಡಿದರೆ? ಎಡಗಡೆಯ ಕೊನೆಯಲ್ಲಿ ಉಗುರಿನಷ್ಟು ದೊಡ್ಡ ಸ್ವಿಚ್ ಹಾಕಿದೆ. ಆನ್ ಮಾಡಿ ಮನೆಗೆ ಹೋಗು ಎಂದರೆ ಮೆಷಿನ್ ಮೆಲ್ಲಗೆ ಎಡಕ್ಕೆ ಹೋಗಿ ಆ ಸ್ವಿಚ್ಚಿನ ನಾಲಿಗೆ ಒತ್ತುತ್ತದೆ, ಮನೆ ಬಂತು ಎಂದು ತಿಳಿದು ನಿಲ್ಲುತ್ತದೆ. ಸ್ವಿಚ್ಚೂ ಕೈಕೊಟ್ಟರೆ? ಅದಕ್ಕೇ ಕೆಂಪು ಗುಂಡಿ. ಒಂದೊಂದು ಅಪ್‌ಗ್ರೇಡ್ ಆದ ಹಾಗೆಲ್ಲ, ಕೆಡಲು ಇನ್ನೂ ಒಂದು ಸಾಮಾನು ಜಾಸ್ತಿಯಾಯಿತಲ್ಲ ಎಂದು ಹೆದರಿಕೆ ಏರಿತು.

ಆಗ ಸುಬೇದಾರರು ಬಂದರು. ಮಿಲಿಟರಿಯಿಂದ ರಿಟೈರ್ ಆದವರು, ನಮ್ಮ ಮನೆಯಿಂದ ಎರಡು ತಿರುವು ಆಚೆ ಅವರ ತೋಟ. ಮನೆಯಲ್ಲಿ ಎರಡು ಕೋವಿ. ದನಿ ಏರಿಸಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ದನಿ ಏರಿಸದವರೆಂದರೆ ನನಗೆ ಇನ್ನೂ ಭಯ. ಹಿಡಿ ಬಿರುಕು ಬಿಟ್ಟಿದೆ, ಮದುವೆಗೆ ಇದೇ ಅಳತೆಯ ಹೊಸದು ಬೇಕು ಎಂದರು. ಬೀಟೆ ಮರದ ತುಂಡನ್ನೂ ಅವರೇ ತಂದಿದ್ದರು, ಅಜ್ಜಿಯ ಮುರಿದ ಮಂಚದ ಕಾಲು.

"ಹಳೇದು ಜೋಪಾನ, ಕುಂಞಿ. ಅಪ್ಪನ ಹೆಬ್ಬೆರಳು ತೇದ ಗುಳಿ ಉಂಟು ಅದರಲ್ಲಿ." ಕುಂಞಿ ಎಂದರೆ ಮಗು, ಊರಿನ ಕಿರಿಯರೆಲ್ಲ ಅವರಿಗೆ ಕುಂಞಿಯೇ.

"ಕೂದಲಷ್ಟೂ ವ್ಯತ್ಯಾಸ ಬರಲ್ಲ ಸರ್," ಎಂದೆ. ಆ ಮಾತು ನನ್ನ ಬಾಯಿಂದಲೇ ಬಂದದ್ದು.

ಶುಕ್ರವಾರ ಬೆಳಿಗ್ಗೆ ಹಳೇ ಹಿಡಿಯನ್ನು ಅಳತೆ ತೆಗೆಯಲೆಂದು ಎಡಮೂಲೆಯಲ್ಲಿ, ಸ್ವಿಚ್ಚಿನಿಂದ ಸ್ವಲ್ಪ ಆಚೆಗೆ ಬಿಗಿದೆ. ಮೆಷಿನ್ ಅಲ್ಲಿಯ ತನಕ ಬರುವುದೇ ಇಲ್ಲ, ಅಷ್ಟು ಸುರಕ್ಷಿತ ಜಾಗ. ಆದರೂ ಧೈರ್ಯ ಸಾಲಲಿಲ್ಲ. ಅದಕ್ಕೆ ಪೂಜೆ ಮಾಡಿದೆ. ಮೋಟಾರಿಗೆ ಗಂಧ ಕುಂಕುಮ ಹಚ್ಚಿದೆ, ನಾಲ್ಕು ಕಾಲಿಗೂ ನಿಂಬೆಹಣ್ಣು ಇಟ್ಟೆ, ತೆಂಗಿನಕಾಯಿ ಒಡೆದೆ. ಸಾಕು ಬನ್ನಿ, ತಿಂಡಿ ಆರಿತು ಎಂದು ಶೈಲಾ ಎರಡು ಸಲ ಕರೆದಳು. ಸಾಕಾಗಲಿಲ್ಲ ನನಗೆ. ಅಕ್ಷತೆ ತೆಗೆದುಕೊಂಡು ಮೆಷಿನ್ ತುಂಬ ಹಾಕಿದೆ. ಎಡಮೂಲೆಯಲ್ಲಿ ಸುಬೇದಾರರ ಸಾಮಾನು ಇದೆ ಎಂದು ಅಲ್ಲಿಗೆ ಇನ್ನೊಂದು ಮುಷ್ಟಿ ಜಾಸ್ತಿ ಹಾಕಿದೆ.

ಪೂಜೆಯಾದ ಮೇಲೆ ಗಾಡಿ ಸ್ಟಾರ್ಟ್ ಮಾಡುವುದು ನಮ್ಮಲ್ಲಿ ಕ್ರಮ. ಹಾಗಾಗಿ ಮೊದಲು ಕಟರ್ ತಿರುಗಿಸಿದೆ. ಆಮೇಲೆ ಮನೆಗೆ ಹೋಗು ಎಂದು ಮೆಷಿನ್ನಿಗೆ ಹೇಳಿದೆ. ಹೊರಟಿತು. ಸ್ವಿಚ್ ಮುಟ್ಟಿತು. ನಿಲ್ಲಲಿಲ್ಲ. ಮುಂದಿನದು ನಿಮಗೆ ಗೊತ್ತು.

ಆಮೇಲೆ ಟಾರ್ಚ್ ಬಿಟ್ಟು ನೋಡಿದೆವು. ಸ್ವಿಚ್ಚಿನ ನಾಲಿಗೆ ಕೆಳಗೆ ಒಂದೇ ಒಂದು ಅಕ್ಕಿ ಕಾಳು, ಅರಿಶಿನ ಹಚ್ಚಿದ್ದು, ಆರಾಮಾಗಿ ಕೂತಿತ್ತು. ಅದು ಕೂತರೆ ನಾಲಿಗೆ ಒತ್ತುವುದಿಲ್ಲ. ನಾಲಿಗೆ ಒತ್ತದಿದ್ದರೆ ಮೆಷಿನ್ನಿಗೆ ಮನೆ ಸಿಗುವುದಿಲ್ಲ. ಪಾಪ, ಅದು ಮನೆ ಹುಡುಕಿಕೊಂಡು ಹೋಗಿದೆ.

ಈಗಲೇ ಹೋಗಿ ಹೇಳಿ ಎಂದಳು ಶೈಲಾ. ನಾಳೆ ಎಂದೆ. ನಾಳೆ ಬಂದಾಗ, ಮೊದಲು ಸರಿ ಮಾಡಿ ಆಮೇಲೆ ಹೇಳುತ್ತೇನೆ ಎಂದೆ. ಮರದ ಪುಡಿಯನ್ನು ಕ್ಷಣದಲ್ಲಿ ಅಂಟುವ ಗಮ್ಮಿನಲ್ಲಿ ಕಲಸಿ, ಹೋದ ಮಗ್ಗುಲಿಗೆ ತುಂಬಿ ಅಂಗೈಯಲ್ಲಿ ಒತ್ತಿ ಹಿಡಿದೆ. ಗಮ್ಮು ಒಳ್ಳೆಯದಿತ್ತು. ಹಿಡಿ ಕೈಗೆ ಅಂಟಿತು. ಎಳೆದರೆ ಚರ್ಮ ಬರುತ್ತದೆ, ಹಿಡಿ ಬರುವುದಿಲ್ಲ.

ಆಗ ಜೀಪಿನ ಸದ್ದಾಯಿತು.

"ಎಂತ ಕುಂಞಿ, ಆಯ್ತಾ?" ಎಂದು ಸುಬೇದಾರರು ಕೈ ಚಾಚಿದರು. ನಾನು ಬಲಗೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟು ಎಡಗೈ ಕೊಟ್ಟೆ. ಅವರು ಅದನ್ನು ನೋಡಿದರು.

"ಆ ಕೈಯಲ್ಲಿ ಎಂತ?"

"ಹಿಡಿ ಸರ್."

"ಕೊಡು."

"ಬರ್ತಾ ಇಲ್ಲ ಸರ್."

ಬೆನ್ನ ಹಿಂದಿನಿಂದ ಕೈ ತೆಗೆದು ತೋರಿಸಿದೆ. ಪೂಜೆ, ಅಕ್ಕಿ, ವೈರಿಲ್ಲದ ಗುಂಡಿ, ಎಲ್ಲವನ್ನೂ ಶೈಲಾ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಸುಬೇದಾರರು ನನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಗುಳಿ ಇದ್ದ ಕಡೆಯೇ ಹೋಗಿತ್ತು. ಅವರು ಬೈಯಲಿಲ್ಲ. ಮುಖ ಒಮ್ಮೆ ಬೇರೆ ಕಡೆ ತಿರುಗಿಸಿದರು, ಅಷ್ಟೇ. ನನಗೆ ಬೈಗುಳವೇ ವಾಸಿ ಅನ್ನಿಸಿತು. ಆಮೇಲೆ ಬೀಟೆ ತುಂಡು ಎತ್ತಿಕೊಂಡರು.

"ಜೀಪು ಹತ್ತು."

ಹತ್ತಿದೆ. ಹಿಂದಿನ ಸೀಟಿನಲ್ಲಿ ಕೋವಿ ಮಲಗಿತ್ತು. ಬರುವಾಗ ಮೀನು ತನ್ನಿ ಎಂದು ಶೈಲಾ ಕೂಗಿ ಹೇಳಿದಳು. ನಾನು ಬರುತ್ತೇನೆ ಎಂಬ ಧೈರ್ಯ ಅವಳಿಗಿತ್ತು. ನನಗಿರಲಿಲ್ಲ.

ಜೀಪು ತಿತಿಮತಿ ಕಡೆಗೆ ತಿರುಗಿತು. ಅಂಗಡಿಗಳು ಮುಗಿದವು. ತೋಟ ಮುಗಿಯುತ್ತ ಬಂತು. ಎಲ್ಲಿಗೆ ಸರ್ ಎಂದು ಕೇಳಿದೆ. ಕೆಲಸ ಉಂಟು ಎಂದರು. ಆನೆ ದಾಟುವ ಜಾಗ, ಎಚ್ಚರಿಕೆ ಎಂಬ ಬೋರ್ಡು ಬಂತು. ನನ್ನನ್ನು ಆನೆಗೆ ಬಿಟ್ಟು ಕೋವಿಯ ಗುಂಡು ಉಳಿಸುತ್ತಾರೆ ಎಂದು ಲೆಕ್ಕ ಹಾಕಿದೆ. ಕಾಡಿನ ಅಂಚಿನಲ್ಲಿ ಜೀಪು ನಿಂತಿತು. ಅವರು ಇಳಿದು ಕೋವಿ ಹೆಗಲಿಗೆ ಹಾಕಿಕೊಂಡರು.

ಜೀಪಿನಿಂದ ಇಳಿಯುವ ಮೊದಲೇ ನಾನು ಎಲ್ಲ ಒಪ್ಪಿಕೊಂಡುಬಿಟ್ಟೆ. ಹೋದ ವರ್ಷ ಅವರ ಗೇಟಿಗೆ ಹಳೇ ಕಬ್ಬಿಣ ಹಾಕಿ, ಬಣ್ಣ ಬಳಿದು ಹೊಸದೆಂದು ಹೇಳಿದ್ದನ್ನೂ ಒಪ್ಪಿಕೊಂಡೆ.

"ಅದು ಗೊತ್ತು," ಎಂದರು. "ಬಾ."

ಬಿದಿರಿನ ಮರೆಯಲ್ಲಿ ಒಂದು ಮನೆ ಇತ್ತು. ಮರಗೆಲಸದ ಕುಂಞಿರಾಮನ್ ಆಶಾರಿಯದ್ದು. ಕಣ್ಣೂರು ಕಡೆಯಿಂದ ಬಂದು ಇಲ್ಲೇ ಮುದುಕನಾದ ಮನುಷ್ಯ. ಕೋವಿಯ ಮರದ ಭಾಗ ಅಲುಗಾಡುತ್ತಿತ್ತಂತೆ, ಅದನ್ನು ಬಿಗಿಸಲು ತಂದದ್ದಂತೆ. ಇದನ್ನು ಜೀಪಿನಲ್ಲೇ ಹೇಳಬಹುದಿತ್ತು.

ಆಶಾರಿ ತೆಂಗಿನೆಣ್ಣೆ ಬಿಸಿ ಮಾಡಿ, ದಾರ ತೂರಿಸಿ, ಹಿಡಿಯನ್ನು ನನ್ನ ಕೈಯಿಂದ ಬಿಡಿಸಿದ. ಬೆಳಕಿಗೆ ಹಿಡಿದು ನೋಡಿದ.

"ಇದ್ ಎಂತ ತಿಂದದ್ದು? ಇಲಿಯಾ, ಮುಳ್ಳಂದಿಯಾ?"

"ಮೆಷಿನ್," ಎಂದೆ.

"ಎಂತ ಮೆಷಿನ್?"

"ಕೂದಲಷ್ಟೂ ವ್ಯತ್ಯಾಸ ಬಾರದ ಮೆಷಿನ್," ಎಂದು ಸುಬೇದಾರರು ಹೇಳಿದರು.

ಆಶಾರಿ ಬೀಟೆ ತುಂಡನ್ನು ಕಾಲಿನ ಹೆಬ್ಬೆರಳುಗಳ ನಡುವೆ ಸಿಕ್ಕಿಸಿ ಕೂತ. ಒಂದು ಉಳಿ, ಒಂದು ಗಾಜಿನ ಚೂರು. ಅಳತೆ ಕಣ್ಣಲ್ಲೇ. ಹಿಡಿದುಕೊಳ್ಳಲೇ ಎಂದು ನಾನು ಕೈ ಚಾಚಿದೆ, ಸುಬೇದಾರರು ಕಾಲರ್ ಹಿಡಿದು ಹಿಂದಕ್ಕೆ ಎಳೆದರು. ಮಧ್ಯಾಹ್ನದ ಊಟದ ಹೊತ್ತಿಗೆ ಹಿಡಿ ಆಯಿತು. ಅಪ್ಪನ ಹೆಬ್ಬೆರಳಿನ ಗುಳಿಯನ್ನೂ ಹಾಗೇ ಕೆತ್ತುತ್ತೀಯಾ ಎಂದು ಸುಬೇದಾರರು ಕೇಳಿದರು. ಕೇಳುವಾಗ ಅವರ ದನಿ ಇನ್ನೂ ಸಣ್ಣದಾಗಿತ್ತು.

"ಗುಳಿ ನಾನು ಮಾಡುವುದಲ್ಲ," ಎಂದ ಆಶಾರಿ. "ಹಿಡಿಯುವವ ಮಾಡಬೇಕು. ಮಗನಿಗೆ ಹೇಳಿ."

ಸುಬೇದಾರರು ಹಳೇ ಹಿಡಿಯನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ಬರುವಾಗ ಮೀನು ಅಂಗಡಿಯ ಮುಂದೆ ತಾವೇ ಜೀಪು ನಿಲ್ಲಿಸಿದರು.

ಮದುವೆಗೆ ಹೋಗಿದ್ದೆ. ಹೋಗದೆ ಇರಲು ಹೆದರಿಕೆಯಾಗಿ ಹೋಗಿದ್ದೆ. ಮದುಮಗ ಬಿಳಿ ಕುಪ್ಪಸ, ಕೆಂಪು ಸೊಂಟಪಟ್ಟಿಯಲ್ಲಿ ಕೂತಿದ್ದ. ಹೊಸ ಹಿಡಿ ಸೊಂಟದಲ್ಲಿ ಹೊಳೆಯುತ್ತಿತ್ತು. ಅವನ ಹೆಬ್ಬೆರಳು ಅದರ ಮೇಲೇ ಆಡುತ್ತಿತ್ತು. ಎಲ್ಲರೂ ಸಾಲಾಗಿ ಹೋಗಿ ಅವನ ಮೊಣಕಾಲಿಗೆ, ಭುಜಕ್ಕೆ, ತಲೆಗೆ ಅಕ್ಕಿ ಹಾಕಿ ಹರಸುತ್ತಿದ್ದರು. ನನ್ನ ಸರದಿ ಬಂತು. ಅಕ್ಕಿ ಮುಷ್ಟಿಯಲ್ಲೇ ಉಳಿಯಿತು. ಹಾಕಲು ಧೈರ್ಯ ಬರಲಿಲ್ಲ. ಹಿಂದೆ ಸಾಲು ನಿಂತಿತು.

ಸುಬೇದಾರರು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಹಾಕು ಕುಂಞಿ. ಇವನಿಗೆ ಸ್ವಿಚ್ ಇಲ್ಲ."

ಕೆಂಪು ಗುಂಡಿಗೆ ವೈರ್ ಕೊಟ್ಟಿದ್ದೇನೆ. ಮೆಷಿನ್ ಆನ್ ಮಾಡಿಲ್ಲ. ಅದರ ಮೇಲೆ ಶೈಲಾ ಮೆಣಸು ಒಣಗಿಸುತ್ತಾಳೆ. ಇಷ್ಟೇ ಆದದ್ದು, ಇದಕ್ಕಿಂತ ಹೆಚ್ಚು ಹೇಳಲು ನನ್ನ ಹತ್ತಿರ ಏನೂ ಇಲ್ಲ.