ನಿಂತ ಗಾಡಿಗೆ ಯಾವ ಲೆಕ್ಕ?

ಮನೆಯಲ್ಲಿ ಒಂದು ಲಾರಿ ಇದ್ದರೆ ನಗಿಸಲು ಹೊರಗಿನವರು ಬರಬೇಕಾಗಿಲ್ಲ. ನಮ್ಮದು ಸೇಡಂ. ಗಾಡಿ ನನ್ನ ಮಗನದು, ಓಡಿಸುವವನೂ ಅವನೇ, ಲೆಕ್ಕ ಮಾತ್ರ ನನ್ನದು. ನಾನು ಬಿ.ಕಾಂ. ಓದಿದವಳು. ನಮ್ಮ ಓಣಿಯಲ್ಲಿ ನನ್ನ ಓರಗೆಯ ಹೆಣ್ಣುಮಕ್ಕಳಲ್ಲಿ ಕಾಲೇಜಿಗೆ ಹೋದವಳು ನಾನೊಬ್ಬಳೇ. ಕಲಿತದ್ದು ಹಾಳಾಗಬಾರದೆಂದು, ಗಾಡಿ ಬಂದ ದಿನದಿಂದ ಒಂದೊಂದು ಟ್ರಿಪ್ಪನ್ನೂ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಹಣದ ಪಕ್ಕದಲ್ಲಿ ನಗು ಬರುವಂಥದ್ದೂ ಬಿದ್ದಿದೆ. ಕೆಲವನ್ನು ಅದರಿಂದಲೇ ತೆಗೆದು ಹೇಳುತ್ತೇನೆ.

ಎರಡು ಕಾಗದ

ನಮಗೆ ಲೋಡು ಕೊಡುವುದು ವಾಡಿಯ ಒಂದು ಟ್ರಾನ್ಸ್‌ಪೋರ್ಟ್ ಆಫೀಸು. ಹೋದ ವರ್ಷ ಅಲ್ಲಿನ ಮ್ಯಾನೇಜರ್ ಸಾಹೇಬರು ಮಗನ ಕೈಗೆ ಎರಡು ಕಾಗದ ಕೊಟ್ಟರು. ಒಂದರಲ್ಲಿ, ಓಡಿದ ಕಿಲೋಮೀಟರಿಗೆ ಇಷ್ಟು. ಗಾಡಿ ತುಂಬಿರಲಿ, ಖಾಲಿಯಿರಲಿ. ಇನ್ನೊಂದರಲ್ಲಿ, ಮಾಲಿನವರು ಕೊಡುವ ಬಾಡಿಗೆಯಲ್ಲಿ ನೂರಕ್ಕೆ ಎಂಬತ್ತು. ಖಾಲಿ ಬಂದರೆ ಏನೂ ಇಲ್ಲ. ಡೀಸೆಲ್, ಟೈರು ಎರಡರಲ್ಲೂ ನಮ್ಮದೇ. ಒಂದು ತಿಂಗಳು ಅದು, ಒಂದು ತಿಂಗಳು ಇದು ನೋಡಿ, ಆಮೇಲೆ ಯಾವುದಾದರೂ ಒಂದಕ್ಕೆ ಇಡೀ ವರ್ಷಕ್ಕೆ ಸಹಿ ಹಾಕಬೇಕು. ತಪ್ಪು ಕಾಗದಕ್ಕೆ ಸಹಿ ಬಿದ್ದರೆ ಸಾಲದ ಕಂತು ಕಟ್ಟಲಾಗುವುದಿಲ್ಲ, ಗಾಡಿ ಫೈನಾನ್ಸಿನವರ ಅಂಗಳ ಸೇರುತ್ತದೆ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ನಮ್ಮ ಯಜಮಾನರೂ ತಮ್ಮ ಕಾಲದಲ್ಲಿ ಡ್ರೈವರ್ ಆಗಿದ್ದವರು. ಅವರು ಕಿಲೋಮೀಟರೇ ಸರಿ ಅಂದರು. ಮಗ ಪರ್ಸೆಂಟ್ ಅಂದ. ಮೂರು ದಿನ ಅಪ್ಪ ಮಗನ ಮಧ್ಯೆ ಮಾತಿಲ್ಲ. ನಾಲ್ಕನೆಯ ದಿನ ಊಟಕ್ಕೆ ಕೂತಾಗ ಯಜಮಾನರು ಸೊಸೆಯ ಕಡೆ ತಿರುಗಿ ಅಂದರು: "ಆ ಪರ್ಸೆಂಟಿನವಗ ಕೇಳವ್ವ, ರೊಟ್ಟಿ ಪೂರಾ ಬೇಕೋ, ನೂರಕ್ಕ ಎಂಬತ್ತು ಸಾಕೋ?"

ಕೇಳಿ ಬಂದದ್ದು

ಅನುಭವ ಇದ್ದವರನ್ನು ಕೇಳಿಕೊಂಡು ಬಾ ಎಂದು ಮಗನನ್ನು ಶಹಾಬಾದಿಗೆ ಕಳಿಸಿದೆ. ಕಲ್ಲಿನ ಲೋಡಿಗೆ ಬರುವ ಡ್ರೈವರುಗಳೆಲ್ಲ ಅಲ್ಲಿ ಒಂದೇ ಚಹಾ ಹೋಟೆಲಿನಲ್ಲಿ ಕೂಡುತ್ತಾರೆ. ಕಿಲೋಮೀಟರ್ ಮೇಲೆ ಓಡಿಸುವವರು ಪರ್ಸೆಂಟಿನವರನ್ನು ನೋಡಿ ನಿಟ್ಟುಸಿರು ಬಿಟ್ಟರಂತೆ. ಪರ್ಸೆಂಟಿನವರು ಕಿಲೋಮೀಟರಿನವರದೇ ಸುಖ ಅಂದರಂತೆ. ಆರು ಚಹಾದ ದುಡ್ಡು ಕೊಟ್ಟು ಮನೆಗೆ ಬಂದವನು ಹೇಳಿದ: "ಅವ್ವ, ಎರಡೂ ಭಾಳ ಚಲೋ ಅದಾವಂತ. ಆದ್ರ ಅವರವರ ಕೈಯಾಗ ಯಾವುದು ಅದನೋ, ಅದೊಂದು ಚಲೋ ಇಲ್ಲಂತ."

ಕೊಡ್ಲಿ ಮೇಲೆ

ಮೊದಲ ತಿಂಗಳು ಕಿಲೋಮೀಟರ್. ಹೆಚ್ಚು ಓಡಿಸಿದರೆ ಹೆಚ್ಚು ದುಡ್ಡು ಎಂದು ಮಗ ತಿಳಿದ. ಸೊಸೆಯ ತವರು ಚಿಂಚೋಳಿ ತಾಲೂಕಿನ ಕೊಡ್ಲಿ. ಚಿಂಚೋಳಿ ಹತ್ತಿರದ ಚಂದಾಪುರದಲ್ಲಿ ಕಲ್ಲು ಇಳಿಸಿ ನೇರ ಸೇಡಂಗೆ ಬರುವ ಬದಲು ಅವನು ಕೊಡ್ಲಿ ಮೇಲೆ ಸುತ್ತಿ ಬರತೊಡಗಿದ. ನಾಲ್ಕು ಸಲ ಹೀಗೆ ಆಯಿತು. ಗಾಡಿ ಡೀಸೆಲ್ ಕುಡಿಯಿತು, ಇವನು ಅತ್ತೆಯ ಕೈಯ ಹೋಳಿಗೆ ಉಂಡ. ನನ್ನ ಬುಕ್ಕಿನಲ್ಲಿ ಕಿಲೋಮೀಟರ್ ಏರಿದ್ದು ನೋಡಿ ನಾನೂ ಒಂದು ಕ್ಷಣ ಹಿಗ್ಗಿದ್ದುಂಟು.

ತಿಂಗಳ ಕೊನೆಗೆ ಹೋಗಿ ನೋಡಿದರೆ, ಆಫೀಸಿನಲ್ಲಿ ಊರಿಂದ ಊರಿಗೆ ದೂರ ಮೊದಲೇ ಬರೆದಿಟ್ಟ ಒಂದು ಚಾರ್ಟು. ದುಡ್ಡು ಕೊಡುವುದು ಅದರ ಪ್ರಕಾರವೇ. ಮಗ ಕೊಡ್ಲಿಯ ಸುತ್ತನ್ನು ಬಿಡಿಸಿ ಬಿಡಿಸಿ ಹೇಳಿದ. ಮ್ಯಾನೇಜರ್ ಸಾಹೇಬರು ಚಾರ್ಟಿನ ಮೇಲಿಂದ ಕೆಳತನಕ ಬೆರಳಾಡಿಸಿ, ತಲೆಯೆತ್ತಿ ಅಂದರು: "ಎಲ್ಲಾ ಊರು ಅದಾವ ತಮ್ಮ. ನಿಮ್ಮ ಬೀಗರ ಮನಿ ಒಂದು ಕಾಣವಲ್ದು ನೋಡು."

ಎಲ್ಲಿಯವರೆಗೆ ಬಂದಿ?

ಎರಡನೆಯ ತಿಂಗಳು ಪರ್ಸೆಂಟ್. ಚಿತ್ತಾಪುರಕ್ಕೆ ಸಿಮೆಂಟ್ ಒಯ್ಯುವ ಲೋಡು, ಬಾಡಿಗೆ ಚಲೋ. ಆದರೆ ಸಿಮೆಂಟ್ ತುಂಬಿಸಿಕೊಳ್ಳಲು ಕಾರ್ಖಾನೆಯ ಗೇಟಿನ ಮುಂದೆ ಗಾಡಿಗಳ ಸಾಲು. ಡ್ರೈವರುಗಳು ಅಲ್ಲೇ ಸ್ಟೋವು ಹಚ್ಚಿ ಪಲ್ಯ ಮಾಡಿಕೊಂಡರು, ಒಬ್ಬರ ಅಂಗಿ ಇನ್ನೊಬ್ಬರ ಗಾಡಿಗೆ ಒಣಹಾಕಿದರು. ಮೂರನೆಯ ದಿನ ಮಧ್ಯಾಹ್ನ ಫೋನು ಮಾಡಿ, ಎಲ್ಲಿಯವರೆಗೆ ಬಂದಿಯಪ್ಪ ಎಂದು ಕೇಳಿದೆ. ಚಿತ್ತಾಪುರ ದಾಟಿರಬಹುದೆಂದು ನನ್ನ ಅಂದಾಜು.

"ಭಾಳ ಮುಂದ ಬಂದೀನವ್ವ," ಅಂದ. "ನಿನ್ನೆಕಿಂತ ಮೂರು ಗಾಡಿ ಮುಂದ."

ವಾಡಿಯ ಆಫೀಸು

ಎರಡೂ ತಿಂಗಳು ಮುಗಿದ ಮೇಲೆ ಬುಕ್ಕು ತೆರೆದು ಕೂತೆ. ನಮ್ಮ ಟ್ರಿಪ್ಪುಗಳು ಹತ್ತಿರ ಹತ್ತಿರದವು, ಆದ್ದರಿಂದ ಪರ್ಸೆಂಟೇ ಒಂದಿಷ್ಟು ಮೇಲು. ಆದರೆ ಗಾಡಿ ನಿಂತ ದಿನಗಳು ಆ ಮೇಲುಗೈಯನ್ನೂ ನುಂಗಿಬಿಟ್ಟಿದ್ದವು. ಕಂತಿಗೆ ಇನ್ನೂ ಸಾಲುತ್ತಿರಲಿಲ್ಲ. ಮಗನೊಂದಿಗೆ ನಾನೇ ವಾಡಿಗೆ ಹೋದೆ.

ಮೊದಲು ಹಿಂದಿನ ಲೆಕ್ಕ ತಾಳೆ ನೋಡೋಣ ಅಂದೆ. ಮನೆಯಲ್ಲಿ ಬರೆದದ್ದು ಆಫೀಸಿನಲ್ಲಿ ನಡೆಯುವುದಿಲ್ಲ ಎಂದು ಮ್ಯಾನೇಜರ್ ಸಾಹೇಬರು ಕೊಸರಾಡಿದರು, ಆದರೂ ರಜಿಸ್ಟರ್ ತೆಗೆದರು. ಅವರು ಒಂದು ತಾರೀಖು ಓದುವುದು, ನಾನು ಹ್ಞೂಂ ಅನ್ನುವುದು. ಒಂದು ಕಡೆ ತಡೆದೆ. ಅವತ್ತಿನ ದಿನ ಸೊಸೆಯ ಕುಬುಸ, ಅಂದರೆ ಸೀಮಂತ. ಓಣಿಯಲ್ಲಿ ಶಾಮಿಯಾನದ ಹಗ್ಗ ಕಟ್ಟಿದ್ದೇ ನಮ್ಮ ಲಾರಿಗೆ; ಅದು ಅಲ್ಲಾಡಿದ್ದರೆ ನೆರೆದ ಜನರ ತಲೆಯ ಮೇಲೆ ಶಾಮಿಯಾನ ಬೀಳುತ್ತಿತ್ತು. ರಜಿಸ್ಟರಿನಲ್ಲಿ ಮಾತ್ರ ನಮ್ಮ ಗಾಡಿ ಚಿಂಚೋಳಿಗೆ ಹೋಗಿತ್ತು, ದುಡ್ಡೂ ನಮಗೆ ಬಂದಿತ್ತು.

ಮಗ ಮೇಜಿನ ಕೆಳಗೆ ನನ್ನ ಕಾಲು ತುಳಿದ. "ಯಾಕಪ್ಪ ತುಳೀಲಿಕತ್ತಿ?" ಎಂದು ಕೇಳಿಬಿಟ್ಟೆ. ಅವನು ಕಿಟಕಿಯ ಕಡೆ ನೋಡಿದ. ಈ ಟ್ರಿಪ್ ನಮ್ಮದಲ್ಲ, ದುಡ್ಡು ವಾಪಸ್ ಹಿಡಿದುಕೊಳ್ಳಿ ಎಂದು ಸಾಹೇಬರಿಗೆ ಹೇಳಿದೆ.

ಅವರು ಆ ಸಾಲಿಗೆ ಗೀಟು ಎಳೆದರು. ಆಮೇಲೆ ನನ್ನ ಬುಕ್ಕನ್ನು ತಮ್ಮ ಕಡೆ ಎಳೆದುಕೊಂಡು, ಅದರಲ್ಲಿದ್ದು ರಜಿಸ್ಟರಿನಲ್ಲಿ ಇಲ್ಲದ ನಾಲ್ಕು ಟ್ರಿಪ್ಪುಗಳನ್ನು ತಾವೇ ಬರೆದುಕೊಂಡರು. ಬಾಯಿ ಮಾಡಿದರೂ ಸಿಗದ ದುಡ್ಡು ಹಾಗೆ ಸಿಕ್ಕಿತು. ಮಗ ಪರ್ಸೆಂಟಿನ ಕಾಗದಕ್ಕೆ ಸಹಿ ಹಾಕಿದ. ನಾನು ಏಳಲಿಲ್ಲ. ಗೇಟಿನ ಮುಂದೆ ನಿಂತ ದಿನಕ್ಕೆ ಏನು ಕೊಡುತ್ತೀರಿ ಎಂದು ಕೇಳಿದೆ.

ಸಾಹೇಬರು ನಕ್ಕರು. "ನಿಂತಿದ್ದಕ್ಕ ಯಾರ್ ರೊಕ್ಕ ಕೊಡ್ತಾರ್ರಿ ಅಕ್ಕೋರ?"

"ನೀವು ದಿನಾ ಕುಂತಿದ್ದಕ್ಕ ತಗೋತೀರಲ್ರಿ ಸಾಹೇಬ್ರ."

ಆಫೀಸಿನವರೆಲ್ಲ ರಜಿಸ್ಟರುಗಳೊಳಗೆ ಮುಖ ಮುಚ್ಚಿಕೊಂಡರು. ಎಲ್ಲರಿಗಿಂತ ಜೋರಾಗಿ ನಕ್ಕವರು ಸಾಹೇಬರೇ. ಎರಡನೆಯ ದಿನದಿಂದ ನಿಂತದ್ದಕ್ಕೂ ಇಷ್ಟು ಎಂದು ಕಾಗದದ ಮೇಲೆ ಕೈಯಾರೆ ಬರೆದು ಸಹಿ ಮಾಡಿದರು. ಅಂದಿನಿಂದ ಒಂದು ಕಂತೂ ತಪ್ಪಿಲ್ಲ. ಅವರ ಮನೆ ತಣ್ಣಗಿರಲಿ ಎಂದು ನಾನು ಈಗಲೂ ನೆನೆಯುತ್ತೇನೆ. ನಿಂತ ದಿನದ ದುಡ್ಡು ಮಾತ್ರ ಇವತ್ತಿನವರೆಗೆ ಒಂದು ರೂಪಾಯಿಯೂ ಬಂದಿಲ್ಲ. ಕಾರಣ, ನಾವು ಬಾಗಿಲು ದಾಟುವಾಗ ಸಾಹೇಬರು ಲೋಡಿಂಗಿನವನನ್ನು ಕರೆದು ಹೇಳಿದ ಮಾತು:

"ನಾಳಿಂದ ಈ ಗಾಡಿಗೆ ಮೊದಲು ಲೋಡ್ ಹಾಕ್ಸು. ಇದು ಅಲ್ಲಿ ನಿಂತ್ರ, ಅಕ್ಕೋರು ಇಲ್ಲಿ ಬಂದು ಕುಂದರ್ತಾರ."